ಹಳೇ ವಸ್ತುಗಳ ಕನ್ಸರ್ವೇಶನ್ ಕಲಿತವ್ರಿಗೆ ಮ್ಯೂಸಿಯಂ ಫೆಲೋಶಿಪ್: ಅರ್ಜಿ ಹಾಕೋ ಮುಂಚೆ ಏನೇನು ರೆಡಿ ಮಾಡ್ಕೋಬೇಕು

ಅಕ್ಟೋಬರ್ ಹತ್ರ ಬಂತು ಅಂದ್ರೆ ಕನ್ಸರ್ವೇಶನ್ (ಹಳೇ ವಸ್ತು ಹಾಳಾಗದ ಹಾಗೆ ಉಳಿಸೋ ವಿದ್ಯೆ) ಓದ್ತಿರೋ, ಓದಿ ಮುಗಿಸಿರೋ ಹುಡುಗ್ರು ಹುಡುಗೀರಿಂದ ಮೆಸೇಜ್ ಶುರುವಾಗತ್ತೆ. ಮೆಟ್ ಮ್ಯೂಸಿಯಂ ಫೆಲೋಶಿಪ್‌ಗೆ ಹಾಕ್ಬೋದಾ, ಹಾರ್ವರ್ಡ್‌ಗೆ ಹಾಕ್ಬೋದಾ, ನಮ್ಮ ಡಿಗ್ರಿ ನಡಿಯತ್ತಾ, ಪೋರ್ಟ್‌ಫೋಲಿಯೊ ಅಂದ್ರೆ ಏನ್ ಕಳಿಸ್ಬೇಕು. ಒಬ್ಬೊಬ್ರಿಗೆ ಒಂದೊಂದು ತುಂಡು ಹೇಳೋ ಬದ್ಲು ಗೊತ್ತಿರೋದನ್ನೆಲ್ಲಾ ಒಂದೇ ಕಡೆ ಬರೀತಿದೀನಿ, ಕನ್ನಡದಲ್ಲಿ ಈ ವಿಷಯ ಹುಡುಕಿದ್ರೆ ಹೆಚ್ಚೇನೂ ಸಿಗಲ್ಲ ಅನ್ನೋದೂ ಒಂದು ಕಾರಣ. ನಾನು ಹೇಳೋದು ಮುಖ್ಯವಾಗಿ ಆಬ್ಜೆಕ್ಟ್ಸ್ ಬಗ್ಗೆ, ಅಂದ್ರೆ ಲೋಹ, ಕಲ್ಲು, ಮರ, ಮಣ್ಣಿನ ಪಾತ್ರೆ, ದಂತ, ಗಾಜು ಇಂಥವು. ಪೇಂಟಿಂಗ್, ಪೇಪರ್, ಜವಳಿಗೆ ಬೇರೆ ಬೇರೆ ವಿಭಾಗ ಇರತ್ತೆ, ಆದ್ರೆ ಅರ್ಜಿ ಹಾಕೋ ರೀತಿ ಸುಮಾರು ಇದೇನೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದಿನದೆಲ್ಲಾ ಇದ್ರ ಮೇಲೇ ನಿಂತಿದೆ. ಆಯ್ಕೆ ಮಾಡೋರು ನಿಮ್ಮ ಕೈ ಎಷ್ಟು ಚುರುಕು ಅನ್ನೋದಕ್ಕಿಂತ, ಒಂದು ವಸ್ತು ಮುಂದೆ ಕೂತಾಗ ನೀವು ಹೇಗೆ ಯೋಚ್ನೆ ಮಾಡ್ತೀರಿ, ಏನನ್ನ ಮುಟ್ಟದೇ ಬಿಡ್ತೀರಿ, ಅದಕ್ಕೆ ಏನು ಕಾರಣ ಕೊಡ್ತೀರಿ ಅನ್ನೋದನ್ನ ಹೆಚ್ಚು ನೋಡ್ತಾರೆ. ನಮ್ಮ ಕಡೆ ಹುಡುಗರ ಫೈಲ್ ನೋಡ್ದಾಗೆಲ್ಲಾ ನನಗೆ ಕಾಣೋದು ಇದೇ ಕೊರತೆ, ಕೆಲಸ ಚೆನ್ನಾಗಿರತ್ತೆ, ಕಾರಣ ಬರ್ದಿರಲ್ಲ.

ಈ ಫೆಲೋಶಿಪ್‌ನಿಂದ ಡಿಗ್ರಿ ಸಿಗಲ್ಲ, ಪರೀಕ್ಷೆ ಅಂತೇನೂ ಇರಲ್ಲ. ಓದು ಮುಗ್ಸಿ ಸ್ವಲ್ಪ ಕೆಲಸ ಮಾಡಿರೋರನ್ನ ದೊಡ್ಡ ಮ್ಯೂಸಿಯಂ ಲ್ಯಾಬ್‌ಗೆ ಕರ್ಸ್ಕೊಂಡು, ಸ್ಟೈಪೆಂಡ್ ಕೊಟ್ಟು, ಹಿರಿಯ ಕನ್ಸರ್ವೇಟರ್ ಪಕ್ಕದ ಬೆಂಚಲ್ಲಿ, ಅಂದ್ರೆ ಲ್ಯಾಬಿನ ಕೆಲಸದ ಮೇಜಲ್ಲಿ, ಕೂರಿಸಿ, ಅಲ್ಲಿನ ಸಂಗ್ರಹದ ವಸ್ತುಗಳ ಮೇಲೇ ಕೆಲಸ ಮಾಡಿಸ್ತಾರೆ. ಜೊತೆಗೆ ಒಂದು ರಿಸರ್ಚ್ ಪ್ರಾಜೆಕ್ಟ್. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿ, ಅಂದ್ರೆ ಮೆಟ್‌ನಲ್ಲಿ, ಸಾಮಾನ್ಯವಾಗಿ ಒಂದು ವರ್ಷದ್ದು, ಸೆಪ್ಟೆಂಬರ್‌ನಲ್ಲಿ ಶುರು. ಅಲ್ಲಿ ಆಬ್ಜೆಕ್ಟ್ಸ್, ಪೇಂಟಿಂಗ್ಸ್, ಪೇಪರ್, ಫೋಟೋಗ್ರಾಫ್, ಟೆಕ್ಸ್‌ಟೈಲ್ ಅಂತ ಕನ್ಸರ್ವೇಶನ್ ವಿಭಾಗಗಳೇ ಬೇರೆ ಬೇರೆ, ಸೈಂಟಿಫಿಕ್ ರಿಸರ್ಚ್ ವಿಭಾಗ ಅವಕ್ಕಿಂತ ಬೇರೆ. ಹಾರ್ವರ್ಡ್ ಆರ್ಟ್ ಮ್ಯೂಸಿಯಮ್ಸ್‌ನ ಸ್ಟ್ರಾಸ್ ಸೆಂಟರ್ ಅನ್ನೋ ಕನ್ಸರ್ವೇಶನ್ ಲ್ಯಾಬ್ ಇದೆ, 1928ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅನ್ನೋರು ಹಾರ್ವರ್ಡ್‌ನದೇ ಫಾಗ್ ಮ್ಯೂಸಿಯಂನಲ್ಲಿ ಶುರು ಮಾಡಿದ್ದು, ಅಮೆರಿಕದಲ್ಲಿ ಈ ಥರದ ತರಬೇತಿಗೆ ಬಹಳ ಹಳೇ ಜಾಗ. ಫೋರ್ಬ್ಸ್ ಪ್ರಪಂಚದ ಮೂಲೆಮೂಲೆಯಿಂದ ಕೂಡಿಹಾಕಿದ ಬಣ್ಣದ ಪುಡಿಗಳ ಸಂಗ್ರಹ ಇವತ್ತೂ ಅಲ್ಲೇ ಇದೆ. ಅದೇ ಫಾಗ್‌ನಲ್ಲಿ ಕೆಲಸ ಮಾಡಿದ್ದ ಕೆಮಿಸ್ಟ್ ರದರ್‌ಫೋರ್ಡ್ ಗೆಟೆನ್ಸ್ 1951ರಲ್ಲಿ ವಾಷಿಂಗ್ಟನ್‌ನ ಫ್ರೀಯರ್ ಗ್ಯಾಲರಿಗೆ ಹೋಗಿ ಲ್ಯಾಬ್ ಕಟ್ಟಿದ್ರು. ಈಗ ಅದು ಸ್ಮಿತ್‌ಸೋನಿಯನ್‌ನ ನ್ಯಾಷನಲ್ ಮ್ಯೂಸಿಯಂ ಆಫ್ ಏಷ್ಯನ್ ಆರ್ಟ್. ನಮ್ಮ ದಕ್ಷಿಣದ ಕಂಚಿನ ವಿಗ್ರಹಗಳ ಮೇಲೆ ಆಸಕ್ತಿ ಇರೋರು ಈ ಜಾಗವನ್ನ ಮರೀಬಾರ್ದು. ಲಾಸ್ ಏಂಜಲೀಸ್‌ನ ಗೆಟ್ಟಿಯಲ್ಲಿ ಗ್ರಾಜುಯೇಟ್ ಇಂಟರ್ನ್‌ಶಿಪ್ ಇದೆ, ಅದು ಇನ್ನೂ ಸ್ವಲ್ಪ ಎಳೆ ಹಂತದವ್ರಿಗೆ, ಬೇರೆ ದೇಶದವ್ರೂ ಹಾಕ್ಬೋದು.

ಇಂಗ್ಲೆಂಡ್ ಕಡೆ ಮನಸ್ಸಿದ್ರೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ನೋಡಿ. 1981ರಿಂದ ಇರೋ ಟ್ರಸ್ಟ್, ಭಾರತೀಯರಿಗೇ ಅಂತ ಇರೋದು, ಹೆರಿಟೇಜ್ ಕನ್ಸರ್ವೇಶನ್ ಅವ್ರ ವಿಷಯಗಳ ಪಟ್ಟಿಯಲ್ಲೇ ಇದೆ. ಇದು ಮ್ಯೂಸಿಯಂ ಕೊಡೋ ಫೆಲೋಶಿಪ್ ಅಲ್ಲ, ದುಡ್ಡಿನ ನೆರವು, ಎಲ್ಲಿ ಹೋಗ್ತೀನಿ ಏನ್ ಮಾಡ್ತೀನಿ ಅನ್ನೋದನ್ನ ನೀವೇ ಒಪ್ಪಿಸಿ ತರಬೇಕು. ರೋಮ್‌ನ ಇಕ್ರಾಮ್ ಅನ್ನೋ ಅಂತರರಾಷ್ಟ್ರೀಯ ಕನ್ಸರ್ವೇಶನ್ ಸಂಸ್ಥೆಯ ಚಿಕ್ಕ ಕೋರ್ಸ್‌ಗಳಿಗೂ ಕಣ್ಣಿಟ್ಟಿರಿ, ಅಲ್ಲಿ ಪರಿಚಯ ಆಗೋ ಜನ ಮುಂದೆ ಬಹಳ ಕೆಲಸಕ್ಕೆ ಬರ್ತಾರೆ.

ಕೊನೇ ದಿನಾಂಕಗಳು ಬಹುತೇಕ ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ ಬರತ್ತೆ, ಸೇರೋದು ಮುಂದಿನ ಸೆಪ್ಟೆಂಬರ್. ಅಂದ್ರೆ ಅರ್ಜಿ ಹಾಕಿ ಸೇರೋಕೆ ಏಳರಿಂದ ಹನ್ನೊಂದು ತಿಂಗಳು. ದಿನಾಂಕ, ಸ್ಟೈಪೆಂಡ್ ಮೊತ್ತ ಎಲ್ಲಾ ವರ್ಷ ವರ್ಷ ಬದಲಾಗತ್ತೆ, ಹಾಗಾಗಿ ಮ್ಯೂಸಿಯಂ ಪುಟದಲ್ಲೇ ನೋಡಿ, ಹಳೇ ಸ್ಕ್ರೀನ್‌ಶಾಟ್ ನಂಬ್ಬೇಡಿ.

ಯಾರು ಹಾಕ್ಬೋದು

ಮೆಟ್‌ನವ್ರು ಕೇಳೋದು ಅಭ್ಯರ್ಥಿ ತರಬೇತಿಯಲ್ಲೋ ಅನುಭವದಲ್ಲೋ ಮುಂದುವರಿದ ಹಂತಕ್ಕೆ ಬಂದಿರಬೇಕು ಅಂತ. ಅಲ್ಲಿ ಸ್ಪರ್ಧೆ ಮಾಡೋರು ಡೆಲವೇರ್-ವಿಂಟರ್‌ಥರ್, ನ್ಯೂಯಾರ್ಕ್ ಯೂನಿವರ್ಸಿಟಿ, ಬಫಲೋ, ಯುಸಿಎಲ್‌ಎ, ಇಲ್ಲಾ ಲಂಡನ್, ಕಾರ್ಡಿಫ್ ಇಂಥ ಕಡೆ ಮಾಸ್ಟರ್ಸ್ ಮಾಡಿದವ್ರು. ಅಲ್ಲಿನ ಕೋರ್ಸ್‌ಗೆ ಸೇರೋಕೇ ನೂರಾರು ಗಂಟೆ ಬೆಂಚ್ ಕೆಲಸ ಮೊದ್ಲೇ ಮಾಡಿರಬೇಕು, ಹಾಗಾಗಿ ಅವ್ರ ಫೈಲ್ ದಪ್ಪ ಇರತ್ತೆ. ಇದನ್ನ ಹೇಳ್ತಿರೋದು ಹೆದರಿಸೋಕಲ್ಲ, ಎದುರಿಗೆ ಯಾರಿದಾರೆ ಅಂತ ಗೊತ್ತಿದ್ರೆ ತಯಾರಿ ಸರಿಯಾಗತ್ತೆ.

ನಮ್ಮಲ್ಲಿ ಓದೋಕೆ ಜಾಗ ಇಲ್ಲ ಅಂತಲ್ಲ. ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತಿದ್ದಿದ್ದು ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್, ನೋಯ್ಡಾದಲ್ಲಿ, ಅಲ್ಲಿ ಕನ್ಸರ್ವೇಶನ್‌ನಲ್ಲೇ ಎಂಎ ಇದೆ. ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಪಿಜಿ ಡಿಪ್ಲೊಮಾ ಇದೆ, ಒಳ್ಳೇ ಲ್ಯಾಬ್. ಲಕ್ನೋದ ಎನ್‌ಆರ್‌ಎಲ್‌ಸಿ (ರಾಷ್ಟ್ರೀಯ ಕನ್ಸರ್ವೇಶನ್ ಸಂಶೋಧನಾ ಲ್ಯಾಬ್) 1976ರಲ್ಲಿ ಶುರುವಾಗಿದ್ದು, ಅದನ್ನ ಕಟ್ಟಿದ ಓ. ಪಿ. ಅಗರ್ವಾಲ್ ಅವ್ರನ್ನ ನೆನೀದೇ ಈ ದೇಶದ ಕನ್ಸರ್ವೇಶನ್ ಬಗ್ಗೆ ಮಾತಾಡೋಕಾಗಲ್ಲ, ಅದ್ರ ಪ್ರಾದೇಶಿಕ ಲ್ಯಾಬ್ ನಮ್ಮ ಮೈಸೂರಲ್ಲೇ ಇದೆ ಅನ್ನೋದು ಮೈಸೂರಿನವ್ರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸೋ ಸಂಸ್ಥೆಯ ಕನ್ಸರ್ವೇಶನ್ ಕೇಂದ್ರ ಇದೆ, ಕಸ್ತೂರ್ಬಾ ರಸ್ತೆಯಲ್ಲಿ ಮ್ಯಾಪ್ ಮ್ಯೂಸಿಯಂ ಇದೆ. ಬಿಎಸ್ಸಿ ಕೆಮಿಸ್ಟ್ರಿಯಿಂದ ಬಂದವ್ರು, ಬಿಎಫ್‌ಎ ಇಂದ ಬಂದವ್ರು ಇಬ್ರೂ ಈ ದಾರೀಲಿ ಇದಾರೆ. ಕೆಮಿಸ್ಟ್ರಿಯವ್ರು ಡ್ರಾಯಿಂಗ್ ಅಭ್ಯಾಸ ಮಾಡಿ, ಆರ್ಟ್‌ನವ್ರು ಆರ್ಗ್ಯಾನಿಕ್ ಕೆಮಿಸ್ಟ್ರಿ ಓದ್ಕೊಳಿ, ಸಾಲ್ವೆಂಟ್ (ಕೊಳೆ, ಅಂಟು ಕರಗಿಸೋ ದ್ರವ) ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಿಲ್ದೆ ಸ್ವಾಬ್ (ಒರೆಸೋ ಹತ್ತಿ ಕಡ್ಡಿ) ಹಿಡಿಯೋದು ಬೇಡ.

ಡಿಗ್ರಿಗಿಂತ ಹೆಚ್ಚಾಗಿ ಲೆಕ್ಕಕ್ಕೆ ಬರೋದು ಬೆಂಚ್ ಮೇಲಿನ ಗಂಟೆಗಳು. ಓದ್ತಿರುವಾಗಲೇ ರಜೆಯಲ್ಲಿ ಯಾವುದಾದ್ರೂ ಲ್ಯಾಬಲ್ಲಿ ಕೂತ್ಕೊಳಿ, ಮಾಡಿದ ಪ್ರತಿಯೊಂದಕ್ಕೂ ದಿನಾಂಕ ಹಾಕಿ ನೋಟ್‌ಬುಕ್ ಇಡಿ. ಎರಡು ವರ್ಷ ಆದ್ಮೇಲೆ ನೆನಪಿಂದ ಬರೆಯೋಕೆ ಕೂತ್ರೆ ಯಾವ ಅಂಟು ಎಷ್ಟು ಪರ್ಸೆಂಟ್ ಹಾಕಿದ್ವಿ ಅನ್ನೋದೇ ಮರ್ತೋಗಿರತ್ತೆ.

ಪೋರ್ಟ್‌ಫೋಲಿಯೊ, ಇಲ್ಲಿ ನಿಧಾನ ಮಾಡಿ

ಹತ್ತಿಪ್ಪತ್ತು ಪ್ರಾಜೆಕ್ಟ್ ತುರುಕೋದು ಬೇಡ. ಮೂರೋ ನಾಲ್ಕೋ ಸಾಕು, ಆದ್ರೆ ಒಂದೊಂದೂ ಬೇರೆ ಬೇರೆ ವಸ್ತು ಆಗಿರಲಿ, ಬೇರೆ ಬೇರೆ ಸಮಸ್ಯೆ ಆಗಿರಲಿ. ಒಂದು ಲೋಹ, ಒಂದು ಮರ ಅಥ್ವಾ ಬಣ್ಣ ಹಚ್ಚಿದ ಮೇಲ್ಮೈ, ಒಂದು ಒಡೆದ ಸೆರಾಮಿಕ್ ಅಥ್ವಾ ಕಲ್ಲು, ಆಮೇಲೆ ಟ್ರೀಟ್‌ಮೆಂಟೇ ಅಲ್ಲದ, ವಸ್ತು ಹಾಳಾಗೋದನ್ನ ಮೊದ್ಲೇ ತಡೆಯೋ ಒಂದು ಪ್ರಿವೆಂಟಿವ್ ಕೆಲಸ. ಮೊದ್ಲು ಹೀಗಿತ್ತು ಆಮೇಲೆ ಹೀಗಾಯ್ತು ಅನ್ನೋ ಎರಡು ಫೋಟೋ ಪಕ್ಕಪಕ್ಕ ಹಾಕಿದ್ರೆ ಪೋರ್ಟ್‌ಫೋಲಿಯೊ ಆಗಲ್ಲ, ಆ ಎರಡು ಫೋಟೋ ಮಧ್ಯೆ ನಿಮ್ಮ ತಲೇಲಿ ಏನು ನಡೀತು ಅನ್ನೋದು ಅಲ್ಲಿ ಕಾಣ್ಬೇಕು.

ನಮ್ಮದೇ ಬಿದರಿ ಕೆಲಸ ತಗೊಂಡು ಹೇಳ್ತೀನಿ. ಒಂದು ಹಳೇ ಬಿದರಿ ಹುಕ್ಕಾ ತಳ ನಿಮ್ಮ ಬೆಂಚಿಗೆ ಬಂತು ಅನ್ಕೊಳಿ. ಲೋಹ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಗಡು ಇಲ್ಲಾ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಸತುವಿನ ಭಾಗ ಕಪ್ಪಾಗತ್ತೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯತ್ತೆ. ಆ ಕಪ್ಪು ಒಂದು ತೆಳ್ಳನೆ ಪದರ ಅಷ್ಟೇ, ಬಣ್ಣ ಬಳಿದದ್ದಲ್ಲ. ಈಗ ಬೆಳ್ಳಿಯೂ ಮಂಕಾಗಿದೆ, ಕಪ್ಪೂ ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗಿದೆ. ಮನೇಲಾದ್ರೆ ಹುಣಸೆಹಣ್ಣು ಹಾಕಿ ತಿಕ್ಕಿಬಿಡೋರು. ಅಂಗಡಿಯಲ್ಲಿ ಸಿಗೋ ಸಿಲ್ವರ್ ಡಿಪ್ ಹಾಕಿದ್ರೆ ಬೆಳ್ಳಿ ಎರಡು ಸೆಕೆಂಡಲ್ಲಿ ಫಳಫಳ ಆಗತ್ತೆ, ಆದ್ರೆ ಆ ಡಿಪ್‌ನಲ್ಲೂ ಆಸಿಡ್ ಇರತ್ತೆ, ಸತು ಆಸಿಡ್‌ಗೂ ಕರಗತ್ತೆ ಆಲ್ಕಲಿಗೂ ಕರಗತ್ತೆ, ಎರಡು ಕಡೆಯಿಂದಲೂ ಪೆಟ್ಟು ತಿನ್ನೋ ಲೋಹ ಅದು. ಬೆಳ್ಳಿ ಉಳೀತು, ಕಪ್ಪು ಹೋಯ್ತು. ಬ್ರಾಸೋ ಥರದ ಪಾಲಿಶ್ ಹಾಕಿ ತಿಕ್ಕಿದ್ರೂ ಅಷ್ಟೇ.

ಇದನ್ನ ಪೋರ್ಟ್‌ಫೋಲಿಯೊದಲ್ಲಿ ಹೇಗೆ ಬರೀಬೇಕು. ಮೊದ್ಲು ಕಂಡೀಶನ್. "ವಸ್ತು ಕೆಟ್ಟ ಸ್ಥಿತಿಯಲ್ಲಿದೆ, ಕೊಳೆಯಾಗಿದೆ" ಅಂತ ಬರೆದ್ರೆ ಅದ್ರಿಂದ ಯಾರಿಗೂ ಏನೂ ತಿಳಿಯಲ್ಲ. ಹೀಗೆ ಬರೀರಿ: ಕತ್ತಿನ ಕೆಳಗಿನ ಪಟ್ಟಿಯಲ್ಲಿ ಬಲಭಾಗಕ್ಕೆ ಮೂರು ಹೂವಿನ ಬೆಳ್ಳಿ ದಳ ಬಿದ್ದುಹೋಗಿದೆ, ಖಾಲಿ ಕುಳಿಗಳ ಅಂಚು ಚೂಪಾಗೇ ಇದೆ, ಒಳಗೆ ಬಿಳಿ ಪುಡಿ ಕೂತಿದೆ, ಹೊಟ್ಟೆ ಭಾಗದಲ್ಲಿ ಕಪ್ಪು ಪದರ ಸವೆದು ಬೂದು ಲೋಹ ಕಾಣ್ತಿದೆ, ಸವೆತದ ಗೀರುಗಳು ಒಂದೇ ದಿಕ್ಕಿನಲ್ಲಿವೆ, ಹಿಂದೆ ಯಾರೋ ಪಾಲಿಶ್ ಮಾಡಿದ ಹಾಗಿದೆ, ತಳದ ಒಳಗೆ ಎಣ್ಣೆ ಜಿಡ್ಡು, ಧೂಳು ಹಿಡಿದಿದೆ. ಓದ್ದೋರು ಕಣ್ಣು ಮುಚ್ಚಿಕೊಂಡ್ರೂ ವಸ್ತು ಕಾಣ್ಬೇಕು, ನಾಳೆ ಇನ್ನೊಂದು ದಳ ಬಿದ್ರೆ ಯಾವುದು ಹಳೇದು ಯಾವುದು ಹೊಸದು ಅಂತ ನಿಮ್ಮ ವರದಿ ನೋಡಿ ಹೇಳೋಕಾಗ್ಬೇಕು.

ಆಮೇಲೆ ಆಯ್ಕೆಗಳು. ಎಣ್ಣೆ ಜಿಡ್ಡನ್ನೂ ತೆಗೀಬೇಕಾ? ಕುಶಲಕರ್ಮಿಗಳೇ ಕೊನೆಗೆ ಎಣ್ಣೆ ಒರೆಸಿ ಕಪ್ಪನ್ನ ಗಾಢ ಮಾಡ್ತಾರೆ, ಹಾಗಿದ್ಮೇಲೆ ಎಣ್ಣೆಯಲ್ಲಿ ಎಷ್ಟು ಕೊಳೆ, ಎಷ್ಟು ವಸ್ತುವಿನದೇ ಭಾಗ? ಬೆಳ್ಳಿಯ ಮಂಕನ್ನ ಪೂರ್ತಿ ತೆಗೀಬೇಕಾ, ಇಲ್ಲಾ ಚಿತ್ತಾರ ಓದೋಕೆ ಬರೋಷ್ಟು ಸಾಕಾ? ಮೈಕ್ರೋಸ್ಕೋಪ್ ಕೆಳಗೆ ಬೆಳ್ಳಿ ಗೆರೆಯ ಒಳಗೆ ಮಾತ್ರ ನುಣುಪು ಚಾಕ್ ಪುಡಿಯಲ್ಲಿ ಕಡ್ಡಿ ಸ್ವಾಬ್ ಆಡ್ಸಿ, ಕಪ್ಪಿನ ಅಂಚಿಗೆ ಬಂದ ಕೂಡ್ಲೇ ನಿಲ್ಲಿಸಿದ್ರಾ? ಬಿದ್ದ ದಳಗಳ ಜಾಗಕ್ಕೆ ಹೊಸ ಬೆಳ್ಳಿ ಕೂರಿಸ್ಲಿಲ್ಲ ಅಂದ್ರೆ ಯಾಕೆ ಕೂರಿಸ್ಲಿಲ್ಲ? ಸವೆದ ಕಪ್ಪನ್ನ ಮತ್ತೆ ಕೋಟೆ ಮಣ್ಣಲ್ಲಿ ಕಪ್ಪು ಮಾಡ್ಬೋದಿತ್ತು, ಬೀದರ್‌ನಲ್ಲಿ ಇವತ್ತೂ ಮಾಡ್ತಾರೆ, ಮಾಡ್ಲಿಲ್ಲ ಯಾಕೆ? ಈ ಪ್ರಶ್ನೆಗಳಿಗೆ ಎರಡೆರಡು ಸಾಲಿನ ಉತ್ತರ ಬರೆದ್ರೆ ಆ ಪುಟ ಹತ್ತು ಫೋಟೋಗಿಂತ ಜಾಸ್ತಿ ಮಾತಾಡತ್ತೆ. ಬೀದರ್ ಕುಶಲಕರ್ಮಿ ಒಬ್ರ ಹತ್ರ ಕೂತು ಕೇಳಿ ತಿಳ್ಕೊಂಡಿದ್ರೆ ಅದನ್ನೂ ಬರೀರಿ, ನ್ಯೂಯಾರ್ಕ್‌ನಲ್ಲಿ ಓದಿದವ್ರಿಗೆ ಆ ಅವಕಾಶ ಸುಲಭಕ್ಕೆ ಸಿಗಲ್ಲ.

ನಮ್ಮ ಹವಾಮಾನ ನಿಮ್ಮ ಬಲ ಅಂತ ತಿಳ್ಕೊಳಿ. ಒಡೆದ ಮಡಕೆ ಅಂಟಿಸೋಕೆ ಎಲ್ರೂ ಪ್ಯಾರಲಾಯ್ಡ್ ಬಿ-72 ಅನ್ನೋ ಅಕ್ರಿಲಿಕ್ ಅಂಟು ಬಳಸ್ತಾರೆ, ಅಸಿಟೋನ್‌ನಲ್ಲಿ ಕರಗತ್ತೆ, ಮುಂದೆ ಬೇಕಾದಾಗ ತೆಗೀಬೋದು, ವರ್ಷಗಟ್ಲೆ ಹಳದಿ ಆಗಲ್ಲ. ಆದ್ರೆ ಅದು ಮೆತ್ತಗಾಗೋ ತಾಪ ಸುಮಾರು 40 ಡಿಗ್ರಿ. ಎಸಿ ಇರೋ ಮ್ಯೂಸಿಯಂನಲ್ಲಿ ಅದ್ರ ಬಗ್ಗೆ ಯಾರೂ ತಲೆ ಕೆಡಿಸ್ಕೊಳಲ್ಲ, ಕಲಬುರಗಿ ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನೂ ಇಲ್ಲದ ಸ್ಟೋರ್‌ರೂಮಲ್ಲಿ ಭಾರದ ಮಡಕೆಯ ಜೋಡಣೆ ನಿಧಾನಕ್ಕೆ ಜಾರೋಕೆ ಶುರುವಾಗತ್ತೆ. ಅದಕ್ಕೇ ನಾನು ಅದೇ ಪ್ಯಾರಲಾಯ್ಡ್‌ನ ಬಿ-48ಎನ್ ಆರಿಸ್ಕೊಂಡೆ ಅಥ್ವಾ ಎರಡನ್ನ ಬೆರೆಸಿದೆ, ಅದು ಮೆತ್ತಗಾಗೋದು 50ರ ಹತ್ರ ಅಂತ ಬರೆದ್ರೆ, ಓದೋರಿಗೆ ನೀವು ಮ್ಯಾನ್ಯುಯಲ್ ನೋಡಿ ಕೆಲಸ ಮಾಡಿಲ್ಲ, ವಸ್ತು ಎಲ್ಲಿ ಬದುಕತ್ತೆ ಅಂತ ನೋಡಿ ಮಾಡಿದೀರಿ ಅಂತ ಗೊತ್ತಾಗತ್ತೆ.

ಕರಾವಳಿಯವ್ರಿಗೆ ಇನ್ನೊಂದು. ಕಂಚಿನ ವಿಗ್ರಹದ ಮೇಲೆ ತಿಳಿಹಸಿರು ಪುಡಿ ಉದುರ್ತಿದ್ರೆ ಅದು ಬ್ರಾಂಜ್ ಡಿಸೀಸ್. ಮಣ್ಣಿಂದಲೋ ಕಡಲ ಗಾಳಿಯಿಂದಲೋ ಕ್ಲೋರೈಡ್ ಒಳಗೆ ಸೇರಿ ಕ್ಯುಪ್ರಸ್ ಕ್ಲೋರೈಡ್ ಆಗಿ ಕೂತಿರತ್ತೆ, ಗಾಳಿಯ ತೇವ ಹೆಚ್ಚುಕಮ್ಮಿ 42-46 ಪರ್ಸೆಂಟ್ ದಾಟಿದ್ರೆ ಎದ್ದು ಲೋಹ ತಿನ್ನೋಕೆ ಶುರು ಮಾಡತ್ತೆ. ಉಡುಪಿ ಮಂಗಳೂರಿನ ಮಳೆಗಾಲದಲ್ಲಿ ತೇವ ಅದಕ್ಕಿಂತ ಎಷ್ಟೋ ಮೇಲಿರತ್ತೆ. ಮ್ಯೂಸಿಯಂ ವಸ್ತು ಆದ್ರೆ ಪುಡಿ ತೆಗೆದು ಬೆಂಜೋಟ್ರಯಜೋಲ್ ಅನ್ನೋ ತುಕ್ಕು ತಡೆಯೋ ರಾಸಾಯನಿಕ ಕೊಡ್ಬೋದು, ಇಲ್ಲಾ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಒಣಗಿಸಿ ಇಡ್ಬೋದು. ಪೂಜೆಯಲ್ಲಿರೋ ವಿಗ್ರಹ ಆದ್ರೆ? ಅರ್ಚಕರು ದಿನಾ ಮುಟ್ತಾರೆ, ಅಭಿಷೇಕದ ನೀರು ತೀರ್ಥ ಅಂತ ಜನ ಕುಡೀತಾರೆ, ಬೆಂಜೋಟ್ರಯಜೋಲ್ ಆರೋಗ್ಯಕ್ಕೆ ಒಳ್ಳೇದಲ್ಲ, ಅದನ್ನ ಅಲ್ಲಿ ಹಚ್ಚೋ ಮಾತೇ ಇಲ್ಲ. ಹಾಗಾದ್ರೆ ದೇವಸ್ಥಾನದವ್ರ ಜೊತೆ ಕೂತು ಏನು ಒಪ್ಪಂದಕ್ಕೆ ಬಂದ್ರಿ, ಅಭಿಷೇಕಕ್ಕೆ ಬೇರೆ ಮೂರ್ತಿ ಇಟ್ರಾ, ಆದ್ಮೇಲೆ ಒರೆಸಿ ಒಣಗಿಸೋ ಕ್ರಮ ತಂದ್ರಾ, ಇದನ್ನ ಬರೀರಿ. ಇಂಥ ನಿರ್ಧಾರ ತಗೊಂಡ ಅನುಭವ ಇಟ್ಕೊಂಡು ಅದನ್ನ ಪೋರ್ಟ್‌ಫೋಲಿಯೊದಲ್ಲಿ ಹಾಕದೇ ಬಿಡೋರನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ ನನಗೆ.

ಫೋಟೋ ವಿಷಯ ಬೇಗ ಮುಗಿಸ್ತೀನಿ. ದುಬಾರಿ ಕ್ಯಾಮೆರಾ ಬೇಡ. ಹಿನ್ನೆಲೆ ಬೂದು, ಸ್ಕೇಲ್ ಮತ್ತು ಕಲರ್ ಕಾರ್ಡ್ ಫ್ರೇಮಲ್ಲಿ, ಮೊದಲು ಮತ್ತು ನಂತರದ ಫೋಟೋಗೆ ಒಂದೇ ಬೆಳಕು ಒಂದೇ ಕೋನ. ಪಕ್ಕದಿಂದ ಟಾರ್ಚ್ ಹಿಡಿದು ತೆಗೆದ್ರೆ ಮೇಲ್ಮೈಯ ಉಬ್ಬುತಗ್ಗು ಎದ್ದು ಕಾಣತ್ತೆ. 365 ನ್ಯಾನೋಮೀಟರ್ ಯುವಿ ಟಾರ್ಚ್ ಒಂದು ಇಟ್ಕೊಳಿ, ಕಣ್ಣಿಗೆ ಯುವಿ ಕನ್ನಡಕ ಹಾಕ್ಕೊಂಡು ಕತ್ತಲ ಕೋಣೆಯಲ್ಲಿ ನೋಡಿ, ಹಳೇ ರಿಪೇರಿಯಲ್ಲಿ ಅರಗು ಬಳಸಿದ್ರೆ ಕಿತ್ತಳೆ ಬಣ್ಣಕ್ಕೆ ಹೊಳೆಯತ್ತೆ, ಬರಿಗಣ್ಣಿಗೆ ಕಾಣದ ಜೋಡಣೆ ಅಲ್ಲಿ ಸಿಕ್ಕಿಬೀಳತ್ತೆ.

ಮಾಲೀಕರ ಒಪ್ಪಿಗೆ ಬರಹದಲ್ಲಿ ತಗೊಳಿ. ದೇವಸ್ಥಾನದ್ದು, ಖಾಸಗಿ ಸಂಗ್ರಹದ್ದು ಆದ್ರೆ ಜಾಗದ ಹೆಸರು ಹಾಕ್ಬೇಡಿ, ಕಳ್ಳರಿಗೆ ದಾರಿ ತೋರಿಸಿದ ಹಾಗಾಗತ್ತೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತು, ಹಸ್ತಪ್ರತಿಗಾದ್ರೆ 75 ವರ್ಷ. ಸಂದರ್ಶನದಲ್ಲಿ ತೋರಿಸ್ತೀನಿ ಅಂತ ಚೂರುಪಾರು ಜೇಬಲ್ಲಿ ಇಟ್ಕೊಂಡು ವಿಮಾನ ಹತ್ತೋ ಯೋಚ್ನೆ ಕನಸಲ್ಲೂ ಬೇಡ.

ರಿಸರ್ಚ್ ಪ್ರಪೋಸಲ್ ಮತ್ತು ಸ್ಟೇಟ್‌ಮೆಂಟ್

ಬಹಳ ಜನ ಇಲ್ಲಿ "ಬಾಲ್ಯದಿಂದಲೂ ನನಗೆ ಇತಿಹಾಸ ಅಂದ್ರೆ ಇಷ್ಟ" ಅಂತ ಶುರು ಮಾಡ್ತಾರೆ, ಅದನ್ನ ಅಳಿಸಿಬಿಡಿ. ಆ ಮ್ಯೂಸಿಯಂ ಸಂಗ್ರಹದ ವೆಬ್‌ಸೈಟ್‌ಗೆ ಹೋಗಿ, ನಿಮ್ಮ ವಿಷಯದ ವಸ್ತುಗಳು ಏನೇನಿವೆ ಅಂತ ಅಕ್ಸೆಶನ್ ನಂಬರ್ (ಮ್ಯೂಸಿಯಂ ಪ್ರತಿ ವಸ್ತುವಿಗೆ ಕೊಡೋ ನಂಬರ್) ಸಮೇತ ಬರ್ಕೊಳಿ. ಮೆಟ್‌ನಲ್ಲೂ ಬಿದರಿ ಕೆಲಸ ಇದೆ, ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲೂ ಇದೆ. ಅಲ್ಲಿರೋ ವಸ್ತುಗಳ ಬಗ್ಗೆ ಒಂದು ಸಣ್ಣ ಗಟ್ಟಿ ಪ್ರಶ್ನೆ ಕೇಳಿ, ಉದಾಹರಣೆಗೆ ಈ ಕಪ್ಪು ಮೂಲದ್ದೇ ಅಥ್ವಾ ನಂತರ ಯಾರೋ ಬಣ್ಣ ಬಳಿದದ್ದೇ, ಎಕ್ಸ್‌ಆರ್‌ಎಫ್ (ಎಕ್ಸ್-ರೇ ಬಿಟ್ಟು ವಸ್ತುವಿನಲ್ಲಿ ಯಾವ ಧಾತು ಇದೆ ಅಂತ ನೋಡೋ ಪರೀಕ್ಷೆ) ಮತ್ತು ಮೈಕ್ರೋಸ್ಕೋಪ್‌ನಲ್ಲಿ ಬೇರೆ ಮಾಡಿ ಹೇಳೋಕಾಗತ್ತಾ ಅಂತ. ಅಷ್ಟು ಸಣ್ಣದು ಒಂದು ವರ್ಷಕ್ಕೆ ಸಾಕು. ಭಾರತದ ಲೋಹಕಲೆಯ ಸಮಗ್ರ ಅಧ್ಯಯನ ಅಂತ ಬರೆದ್ರೆ ಯಾರೂ ನಂಬಲ್ಲ.

ರಿಸರ್ಚ್ ಮಾಡಿರೋ ಅನುಭವ ಇಲ್ಲ ಅನ್ನೋರಿಗೆ ಆಡಿ ಟೆಸ್ಟ್ ಹೇಳ್ತೀನಿ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಬೆಳಕಿಗೆ ತಂದ ಪರೀಕ್ಷೆ. ಶೋಕೇಸಿಗೆ ಬಳಸೋ ಬಟ್ಟೆ, ಪ್ಲೈವುಡ್, ಬಣ್ಣ ಯಾವುದೋ ಒಂದರ ಚೂರನ್ನ ಗಾಜಿನ ಟ್ಯೂಬಲ್ಲಿ ಹಾಕಿ, ಸ್ವಲ್ಪ ನೀರು ಇಟ್ಟು, ಬೆಳ್ಳಿ ತಾಮ್ರ ಸೀಸದ ಸಣ್ಣ ತುಂಡುಗಳನ್ನ ಒಳಗಿಟ್ಟು ಮುಚ್ಚಿ, 60 ಡಿಗ್ರಿಯಲ್ಲಿ 28 ದಿನ ಓವನ್‌ನಲ್ಲಿ ಇಡ್ತಾರೆ. ವಸ್ತು ಕೆಟ್ಟ ಅನಿಲ ಬಿಟ್ರೆ ಲೋಹದ ಮೈ ಬಣ್ಣ ಬದಲಾಗತ್ತೆ, ಎಂಡಿಎಫ್ ಥರದ ಹಲಗೆ ಬಿಡೋ ಅಸಿಟಿಕ್ ಆಸಿಡ್‌ಗೆ ಸೀಸ ಬೆಳ್ಳಗೆ ಬೂಷ್ಟು ಹಿಡಿದ ಹಾಗಾಗತ್ತೆ. ನಮ್ಮ ಎಷ್ಟೋ ಮ್ಯೂಸಿಯಂಗಳಲ್ಲಿ ಕೆಂಪು ವೆಲ್ವೆಟ್ ಮೇಲೆ ನಾಣ್ಯ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕಂಚು ಇಟ್ಟಿರ್ತಾರೆ. ನಿಮ್ಮೂರ ಚಿಕ್ಕಪೇಟೆಯಂಥ ಮಾರ್ಕೆಟ್ಟಲ್ಲಿ ಸಿಗೋ ವೆಲ್ವೆಟ್, ಹತ್ತಿ ಬಟ್ಟೆ, ಫೋಮ್ ತಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಓವನ್‌ನಲ್ಲಿ ಪರೀಕ್ಷೆ ಮಾಡಿ ಫಲಿತಾಂಶ ಬರೆದಿಟ್ರೆ ಅದೇ ಒಂದು ರಿಸರ್ಚ್, ಸುತ್ತಮುತ್ತಲಿನ ಮ್ಯೂಸಿಯಂಗಳಿಗೂ ನಿಜವಾಗ್ಲೂ ಉಪಯೋಗ. ಓದೋಕೆ ದುಡ್ಡು ಬೇಡ, ಗೆಟ್ಟಿಯವ್ರ ಆಟಾ ಆನ್‌ಲೈನ್ (ಲೇಖನಗಳ ಸಾರಾಂಶ), ಕೆನಡಾದ ಕನ್ಸರ್ವೇಶನ್ ಇನ್‌ಸ್ಟಿಟ್ಯೂಟ್‌ನ ಸಿಸಿಐ ನೋಟ್ಸ್, ಬಾಸ್ಟನ್ ಮ್ಯೂಸಿಯಂನ ಕ್ಯಾಮಿಯೊ (ವಸ್ತು, ರಾಸಾಯನಿಕಗಳ ಮಾಹಿತಿ ಕೋಶ), ಅಮೆರಿಕನ್ ಕನ್ಸರ್ವೇಟರ್‌ಗಳ ಎಐಸಿ ವಿಕಿ, ಎಲ್ಲಾ ಫ್ರೀ ಇದೆ.

ಎಥಿಕ್ಸ್ ಬಗ್ಗೆ ಕೇಳಿದ್ರೆ ಪುಸ್ತಕದ ಮಾತು ಒಪ್ಪಿಸ್ಬೇಡಿ, ನಿಮಗೆ ಗೊತ್ತಿರೋ ವಸ್ತುವಿಂದ ಮಾತಾಡಿ. ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತದ ಮರದ ಮೂರ್ತಿಗಳಿವೆ. ಮ್ಯೂಸಿಯಂನಲ್ಲಿ ಅವುಗಳ ಹಳೇ ಬಣ್ಣವನ್ನ ಉಳಿಸೋದೇ ಕನ್ಸರ್ವೇಟರ್ ಕೆಲಸ, ಆದ್ರೆ ನಂಬಿಕೆಯಲ್ಲಿರೋ ಜಾಗದಲ್ಲಿ ಮೂರ್ತಿಗೆ ಹೊಸ ಬಣ್ಣ ಹಚ್ಚೋದು ಸೇವೆ. ಒಂದೇ ಥರದ ಮರ, ಒಂದೇ ಥರದ ಬಣ್ಣ, ಎರಡು ಕಡೆ ಎರಡು ಸರಿ. ಇನ್ನೊಂದು, ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋಗಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿದೆ, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಛಾವಣಿ ಕುಸಿದು ಚೂರುಚೂರಾಗಿತ್ತು, ಯುದ್ಧ ಮುಗಿದ್ಮೇಲೆ ಜೋಡಿಸಿದ್ರು. ಇವತ್ತು ನಾವು ನೋಡೋ ಹುಲಿಯಲ್ಲಿ ಟಿಪ್ಪುವಿನ ಕಾಲದ ಮರವೂ ಇದೆ, ಆ ರಿಪೇರಿ ಮಾಡಿದವ್ರ ಕೈಯೂ ಇದೆ, ಮುಂದಿನ ಕನ್ಸರ್ವೇಟರ್ ಎರಡನ್ನೂ ಓದ್ಬೇಕು. ಹೀಗೆ ಮಾತಾಡೋಕೆ ಬಂದ್ರೆ ನಿಮಗೆ ಎಥಿಕ್ಸ್ ಗೊತ್ತು ಅಂತ ಬೇರೆ ಹೇಳ್ಬೇಕಾಗಲ್ಲ.

ಶಿಫಾರಸು ಪತ್ರ, ಸಂದರ್ಶನ

ಪತ್ರ ಬರೆಯೋರು ನೀವು ಕೆಲಸ ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿರೋರು ಆಗಿರಲಿ. ದೊಡ್ಡ ಹುದ್ದೆಯಲ್ಲಿರೋರ ಸಹಿಗೆ ಓಡಾಡೋದು ಬಿಡಿ, ಅವ್ರು ಬರೆಯೋ "ಶ್ರಮಜೀವಿ, ಒಳ್ಳೇ ನಡತೆ" ಅನ್ನೋ ಎರಡು ಸಾಲು ಅಲ್ಲಿ ನಡಿಯಲ್ಲ. ಎರಡು ತಿಂಗಳು ಮೊದ್ಲೇ ಕೇಳಿ, ಯಾವ ಯಾವ ಪ್ರಾಜೆಕ್ಟ್ ಒಟ್ಟಿಗೆ ಮಾಡಿದ್ವಿ ಅಂತ ಒಂದು ಪುಟ ಬರೆದು ಕೊಡಿ, ಪೋರ್ಟಲ್‌ನಿಂದ ಅವ್ರಿಗೇ ನೇರ ಲಿಂಕ್ ಹೋಗತ್ತೆ, ಸ್ಪ್ಯಾಮ್ ಫೋಲ್ಡರ್ ನೋಡೋಕೆ ಹೇಳಿ, ಕೊನೇ ವಾರ ಒಂದು ಫೋನ್ ಮಾಡಿ. ಸಂಕೋಚ ಬೇಡ.

ಸಂದರ್ಶನ ಸಾಮಾನ್ಯವಾಗಿ ವಿಡಿಯೋದಲ್ಲಿ, ಪೋರ್ಟ್‌ಫೋಲಿಯೊ ತೋರಿಸ್ತಾ ಮಾತಾಡ್ಬೇಕು. ಬೇರೆ ಯಾವ ಅಂಟು ಯೋಚ್ನೆ ಮಾಡಿದ್ರಿ, ಇವತ್ತು ಮಾಡೋದಾದ್ರೆ ಏನು ಬದಲಾಯಿಸ್ತೀರಿ, ಕ್ಯುರೇಟರ್ (ಸಂಗ್ರಹದ ಉಸ್ತುವಾರಿ ನೋಡ್ಕೊಳೋರು) ಇನ್ನೂ ಹೊಳಪು ಬೇಕು ಅಂದ್ರೆ ಏನ್ ಹೇಳ್ತೀರಿ, ಇಂಥವು ಬರತ್ತೆ. ಇಂಗ್ಲಿಷ್ ನಿಧಾನವಾಗಿದ್ರೂ ಪರ್ವಾಗಿಲ್ಲ, ಉಸಿರು ಬಿಟ್ಟು ಒಂದೊಂದು ವಾಕ್ಯ ಹೇಳಿ. ಗುಂಪಿನ ಕೆಲಸ ಆಗಿದ್ರೆ ಯಾವುದು ನಿಮ್ಮ ಕೈಯದ್ದು ಯಾವುದು ಬೇರೆಯವ್ರದ್ದು ಅಂತ ಬಿಡಿಸಿ ಹೇಳಿ, ಈ ಕ್ಷೇತ್ರ ತುಂಬಾ ಚಿಕ್ಕದು, ಎಲ್ರಿಗೂ ಎಲ್ರೂ ಗೊತ್ತು.

ಸಿಕ್ಕಿದ್ಮೇಲೆ

ಅಮೆರಿಕಕ್ಕೆ ಸಾಮಾನ್ಯವಾಗಿ ಜೆ-1 ವೀಸಾ, ಮ್ಯೂಸಿಯಂ ಕಡೆಯಿಂದ ಡಿಎಸ್-2019 ಅನ್ನೋ ಫಾರಂ ಬರತ್ತೆ, ಅದು ಬಂದ ದಿನವೇ ಅಪಾಯಿಂಟ್‌ಮೆಂಟ್ ಹುಡುಕಿ. ಕೆಲವ್ರಿಗೆ ಮುಗಿದ್ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು ಅನ್ನೋ ಷರತ್ತು ಬೀಳತ್ತೆ, ನಿಮಗೆ ಬೀಳತ್ತಾ ಅಂತ ಮೊದ್ಲೇ ಮ್ಯೂಸಿಯಂನ ವೀಸಾ ನೋಡ್ಕೊಳೋರನ್ನ ಕೇಳಿ. ಹೆಲ್ತ್ ಇನ್ಶೂರೆನ್ಸ್ ಸ್ಟೈಪೆಂಡ್ ಒಳಗಾ ಹೊರಗಾ, ಪ್ರಯಾಣದ ದುಡ್ಡು ಮುಂಚೆ ಕೊಡ್ತಾರಾ ಆಮೇಲೆ ಕೊಡ್ತಾರಾ, ಟ್ಯಾಕ್ಸ್ ಹಿಡಿತಾರಾ, ಇವನ್ನ ಕೇಳೋದ್ರಲ್ಲಿ ಮರ್ಯಾದೆ ಪ್ರಶ್ನೆ ಏನೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಬಾಡಿಗೆಯೇ ಸ್ಟೈಪೆಂಡ್‌ನ ದೊಡ್ಡ ಪಾಲು ತಿನ್ನತ್ತೆ, ಮನೆ ಹಂಚಿಕೊಳೋಕೆ ಮನಸ್ಸು ಮಾಡ್ಕೊಂಡೇ ಹೋಗಿ. ಸ್ಕ್ಯಾಲ್ಪೆಲ್, ಡೆಂಟಲ್ ಟೂಲ್ಸ್ ಎಲ್ಲಾ ಚೆಕ್-ಇನ್ ಬ್ಯಾಗಿಗೆ.

ಸಿಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಹಾಕಿ, ಎರಡನೇ ಮೂರನೇ ಸಲಕ್ಕೆ ಸಿಕ್ಕಿರೋರು ಬೇಕಾದಷ್ಟು ಜನ ಇದಾರೆ. ಎಲ್ಲಿ ಕಮ್ಮಿಯಾಯ್ತು ಅಂತ ಒಂದು ಸಣ್ಣ ಮೇಲ್ ಬರೆದು ಕೇಳಿ, ಕೆಲವ್ರು ಉತ್ತರ ಕೊಡ್ತಾರೆ.

ಫೆಲೋಶಿಪ್ ಮುಗಿಯೋ ಹೊತ್ತಲ್ಲಿ ಎಲ್ರೂ ಮರೆಯೋ ವಿಷಯ ಒಂದಿದೆ. ಅಲ್ಲಿ ನೀವು ಬರೆದ ಟ್ರೀಟ್‌ಮೆಂಟ್ ವರದಿ, ತೆಗೆದ ಫೋಟೋ, ಎಕ್ಸ್‌ಆರ್‌ಎಫ್ ಡೇಟಾ ಮ್ಯೂಸಿಯಂ ಸ್ವತ್ತು ಆಗಿರತ್ತೆ. ಯಾವುದನ್ನ ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕ್ಬೋದು, ಯಾವುದನ್ನ ಊರಿಗೆ ಬಂದು ಪಾಠ ಮಾಡೋವಾಗ ತೋರಿಸ್ಬೋದು, ಲೇಖನ ಬರೆದ್ರೆ ಹೆಸರು ಹೇಗೆ ಹಾಕ್ಬೇಕು ಅಂತ ಕೊನೇ ತಿಂಗಳಿಗಿಂತ ಮುಂಚೆ ಬರಹದಲ್ಲಿ ಒಪ್ಪಿಗೆ ತಗೊಳಿ, ಇಮೇಲ್ ಅಕೌಂಟ್ ಮುಚ್ಚಿಹೋದ್ಮೇಲೆ ಕೇಳ್ತಾ ಕೂತ್ರೆ ತಿಂಗಳುಗಟ್ಲೆ ಎಳೆಯತ್ತೆ.